ಶಾರ್ಕ್ ಒಳಗೊಬ್ಬ ಕಾಳಿಂಗ: ಹಳೇ ಸಿನಿಮಾಗೆ ಪುರಾಣ ಜೋಡಿಸುವುದು ಹೇಗೆ?

ಹತ್ತಾರು ಸಲ ನೋಡಿದ ಸಿನಿಮಾ. ಡೈಲಾಗೆಲ್ಲ ಬಾಯಿಪಾಠ. ಅದರ ಪಕ್ಕ ಸಂಬಂಧವೇ ಇಲ್ಲದ ಪುರಾಣದ ಕಥೆಯೊಂದನ್ನು ಇಟ್ಟು ನೋಡುವುದು ಮಜವಾದ ಆಟ. ಖರ್ಚಿಲ್ಲ. ಆದರೆ ನಿಯಮ ಬೇಕು. ಇಲ್ಲದಿದ್ದರೆ ಯಾವುದಕ್ಕೆ ಯಾವುದನ್ನಾದರೂ ಗಂಟು ಹಾಕಬಹುದು, ಅದರಲ್ಲೇನು ಸ್ವಾರಸ್ಯ?

ಸಿನಿಮಾ ಆರಿಸಿ

ನಿರ್ದೇಶಕರೇ ಪುರಾಣ ಇಟ್ಟುಕೊಂಡು ಮಾಡಿದ್ದು ಬೇಡ. ಮಣಿರತ್ನಂ ಅವರ 'ದಳಪತಿ' (1991) ಕರ್ಣ-ದುರ್ಯೋಧನರ ಸ್ನೇಹದ ಕಥೆ ಅಂತ ಎಲ್ಲರಿಗೂ ಗೊತ್ತು. ಕೋಯೆನ್ ಸಹೋದರರ 'ಓ ಬ್ರದರ್, ವೇರ್ ಆರ್ಟ್ ದೌ?' (2000) ಗ್ರೀಕ್ ಮಹಾಕವಿ ಹೋಮರನ ಹೆಸರನ್ನು ಟೈಟಲ್ ಕಾರ್ಡಿನಲ್ಲೇ ಹಾಕಿಕೊಂಡಿದೆ. ಇವೆಲ್ಲ ಉತ್ತರ ಮೊದಲೇ ಹೇಳಿಬಿಟ್ಟ ಒಗಟುಗಳು. ಪುರಾಣದ ಸುಳಿವೇ ಇಲ್ಲದ, ತುಂಬಾ ಜನ ನೋಡಿರುವ ಸಿನಿಮಾ ಬೇಕು. ಸ್ಟೀವನ್ ಸ್ಪೀಲ್‌ಬರ್ಗ್ ಅವರ ಶಾರ್ಕ್ ಸಿನಿಮಾ 'ಜಾಸ್' (1975) ತೆಗೆದುಕೊಳ್ಳೋಣ.

ಕಥೆಯನ್ನು ಮೂರು ಸಾಲಿಗೆ ಇಳಿಸಿ

ಹೆಸರು, ಊರು, ಕಾಲ ಎಲ್ಲ ತೆಗೆದುಬಿಡಿ. ನೀರಿನಲ್ಲೊಂದು ಪ್ರಾಣಿ ಸೇರಿಕೊಂಡಿದೆ. ಜನ ನೀರಿಗಿಳಿಯುವ ಹಾಗಿಲ್ಲ. ಬೇರೆ ಕಡೆಯಿಂದ ಬಂದವನೊಬ್ಬ ಅದರ ಎದುರು ನಿಲ್ಲುತ್ತಾನೆ. ಇಷ್ಟು ಸಾಕು.

ಮೊದಲು ಹೊಳೆದದ್ದನ್ನು ಬಿಟ್ಟುಬಿಡಿ

ಬಕಾಸುರ ನೆನಪಾದನಲ್ವಾ? ಏಕಚಕ್ರಪುರದ ಜನ ಗಾಡಿ ತುಂಬ ಅನ್ನ, ಜೊತೆಗೊಬ್ಬ ಮನುಷ್ಯನನ್ನು ಕಳಿಸಿ ಊರು ಉಳಿಸಿಕೊಳ್ಳುತ್ತಿದ್ದರು. 'ಜಾಸ್' ನಡೆಯುವ ಅಮಿಟಿ ದ್ವೀಪದ ಮೇಯರ್ ಕೂಡ ಜುಲೈ 4ರ (ಅಮೆರಿಕದ ಸ್ವಾತಂತ್ರ್ಯ ದಿನ) ಸೀಸನ್ ವ್ಯಾಪಾರ ಕೆಡಬಾರದು ಅಂತ ಬೀಚ್ ಮುಚ್ಚಿಸುವುದಿಲ್ಲ. ಚೆನ್ನಾಗಿ ಹೊಂದುತ್ತದೆ. ಅದೇ ತೊಂದರೆ! ಇಷ್ಟು ಸಲೀಸಾಗಿ ಹೊಂದಿದರೆ ಮುಂದೆ ಹುಡುಕುವುದಕ್ಕೆ ಏನೂ ಉಳಿಯುವುದಿಲ್ಲ. ಇನ್ನೂ ಸ್ವಲ್ಪ ತಡಕಾಡಿ. ನನಗೆ ಸಿಕ್ಕವನು ಕಾಳಿಂಗ.

ಸಣ್ಣ ವಿವರ ಹಿಡಿದು ಎಳೆಯಿರಿ

ನಾಯಕನಿಗೆ ನಾಯಕ, ಖಳನಿಗೆ ಖಳ ಅಂತ ಪಟ್ಟಿ ಮಾಡುತ್ತಾ ಕೂತರೆ ಬೋರು. ವಸ್ತುಗಳನ್ನು ನೋಡಿ. ಭಾಗವತದಲ್ಲಿ ಕೃಷ್ಣ ಮಡುವಿನ ದಡದ ಕದಂಬ ಮರ ಹತ್ತುತ್ತಾನೆ, ಮೇಲಿನಿಂದ ನೀರಿಗೆ ಧುಮುಕುತ್ತಾನೆ. 'ಜಾಸ್' ಕೊನೆಯಲ್ಲಿ ಪೊಲೀಸ್ ಅಧಿಕಾರಿ ಬ್ರೋಡಿಯೂ ಹತ್ತುತ್ತಾನೆ, ಮುಳುಗುತ್ತಿರುವ ದೋಣಿಯ ಕಂಬ. ಆದರೆ ಇವನಿಗೆ ನೀರು ಕಂಡರೆ ಭಯ. ಅವನು ಹತ್ತಿದ್ದು ಬೀಳುವುದಕ್ಕೆ, ಇವನು ಹತ್ತಿದ್ದು ಬೀಳದೇ ಇರುವುದಕ್ಕೆ. ಇಂಥದ್ದೊಂದು ಸಿಕ್ಕಿತು ಅಂದರೆ ಅರ್ಧ ಕೆಲಸ ಆದ ಹಾಗೆ.

ಸಿನಿಮಾ ತಯಾರಾದ ಕಥೆಯನ್ನೂ ಕೆದಕಿ. ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಡುತ್ತಿತ್ತು, ಹಾಗಾಗಿ ಪರದೆ ಮೇಲೆ ಅದು ಕಾಣುವುದೇ ಕಮ್ಮಿ. ಕಾಳಿಂಗನೂ ಮೊದಲು ಕಾಣುವುದಿಲ್ಲ. ಕುದಿಯುವ ನೀರು, ಮೇಲೆ ಹಾರುತ್ತಲೇ ಸತ್ತು ಬೀಳುವ ಹಕ್ಕಿಗಳು, ಇಷ್ಟೇ.

ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ನಿಲ್ಲಿ

ಹೊಂದದ ಕಡೆ ಒತ್ತಿ ತುರುಕಬೇಡಿ. ನಿಜವಾದ ಮಜಾ ಇರುವುದೇ ಅಲ್ಲಿ. ಕೃಷ್ಣ ಕಾಳಿಂಗನನ್ನು ಕೊಲ್ಲುವುದಿಲ್ಲ. ನಾಗಪತ್ನಿಯರು ಬೇಡಿಕೊಳ್ಳುತ್ತಾರೆ, ಕೃಷ್ಣ ಅವನನ್ನು ಸಮುದ್ರದ ರಮಣಕ ದ್ವೀಪಕ್ಕೆ ಕಳಿಸುತ್ತಾನೆ. ಗರುಡನ ಭಯಕ್ಕೆ ಅಲ್ಲಿಂದಲೇ ಓಡಿಬಂದಿದ್ದ ಪಾಪ. ತಲೆ ಮೇಲೆ ನನ್ನ ಹೆಜ್ಜೆಗುರುತಿದೆ, ಇನ್ನು ಗರುಡ ಮುಟ್ಟುವುದಿಲ್ಲ ಅಂತ ಅಭಯವೂ ಸಿಗುತ್ತದೆ. ಶಾರ್ಕ್ ಪರವಾಗಿ ಬೇಡಿಕೊಳ್ಳುವವರು ಯಾರೂ ಇಲ್ಲ. ಬಾಯಲ್ಲಿ ಕಚ್ಚಿಕೊಂಡ ಗಾಳಿ ಸಿಲಿಂಡರಿಗೆ ಗುಂಡು ಬೀಳುತ್ತದೆ, ಛಿದ್ರವಾಗುತ್ತದೆ.

ಈಗ ಕೇಳಿ ನೋಡಿ: ಸಮುದ್ರಕ್ಕೆ ಹೋದ ಕಾಳಿಂಗ ದಾರಿ ತಪ್ಪಿ ಬೇರೆ ದ್ವೀಪ ಸೇರಿಬಿಟ್ಟನೇ? ಅಭಯ ಗರುಡನಿಂದ ಮಾತ್ರ ಸಿಕ್ಕಿತ್ತು, ಬಂದೂಕಿನ ಮಾತೇ ಬಂದಿರಲಿಲ್ಲ. ನಿಮ್ಮ ಬರಹ ಇಲ್ಲಿಂದ ಶುರುವಾಗಬೇಕು.

ಪುರಾಣವೇ ಬೇಕೆಂದಿಲ್ಲ

ಸಪ್ಪೆ ವಿಷಯಗಳೂ ಚೆನ್ನಾಗಿ ಕೆಲಸ ಮಾಡುತ್ತವೆ. 'ಕಾಸಾಬ್ಲಾಂಕಾ'ದಿಂದ (1942) ಪ್ರೇಮವನ್ನು ಪಕ್ಕಕ್ಕಿಡಿ. ಉಳಿಯುವುದು ಕಾಗದಪತ್ರದ ಕಥೆ! ಊರಿಗೆ ಊರೇ ವೀಸಾಕ್ಕೆ ಕಾಯುತ್ತಿದೆ. ಎಲ್ಲರೂ ಹುಡುಕುವ, ಊರು ಬಿಡಲು ಬೇಕಾದ ಪತ್ರಗಳು ಪಿಯಾನೊ ಒಳಗೆ ಅಡಗಿವೆ. ಕೊನೆಗೆ ವಿಮಾನ ನಿಲ್ದಾಣದಲ್ಲಿ, ಎದೆ ಒಡೆಯುವ ಗಳಿಗೆಯಲ್ಲಿ, ನಾಯಕ ರಿಕ್ ಮಾಡುವುದೇನು? ಹೆಸರು ತುಂಬಿ ಅಂತ ಅಧಿಕಾರಿಗೇ ಆ ಪತ್ರ ಕೊಡುತ್ತಾನೆ. ನೀವು ಬರೆದರೆ ಇನ್ನೂ ಅಧಿಕೃತ ಅನ್ನಿಸುತ್ತದೆ ಅಂತಲೂ ಹೇಳುತ್ತಾನೆ.

ನಗದೇ ಬರೆಯಿರಿ, ನಂಬಬೇಡಿ

ಧಾಟಿ ಪೂರ್ತಿ ಗಂಭೀರವಾಗಿರಲಿ. ನಡುವೆ ನೀವೇ ಕಣ್ಣು ಹೊಡೆದರೆ ಕೆಟ್ಟಿತು. ಆದರೆ ನಿರ್ದೇಶಕರ ಮನಸ್ಸಿನಲ್ಲಿ ಇದೇ ಇತ್ತು ಅಂತ ಮಾತ್ರ ಹೇಳಬೇಡಿ. ಸ್ಟ್ಯಾನ್ಲಿ ಕುಬ್ರಿಕ್ ಅವರ 'ದಿ ಶೈನಿಂಗ್' (1980) ಬಗ್ಗೆ ಬಂದ 'ರೂಮ್ 237' ಸಾಕ್ಷ್ಯಚಿತ್ರ ನೋಡಿ. ಗೋಡೆಯ ಪೋಸ್ಟರಿನಲ್ಲಿ ಒಬ್ಬರಿಗೆ ಗ್ರೀಕ್ ಪುರಾಣದ ಗೂಳಿ ತಲೆಯ ಮನುಷ್ಯ ಮಿನೋಟಾರ್ ಕಾಣುತ್ತದೆ. ಇನ್ನೊಬ್ಬರು ಚಂದ್ರನ ಮೇಲೆ ಇಳಿದ ದೃಶ್ಯಗಳನ್ನು ಕುಬ್ರಿಕ್ ಅವರೇ ಚಿತ್ರಿಸಿಕೊಟ್ಟರು ಅನ್ನುವವರೆಗೆ ಹೋಗುತ್ತಾರೆ. ಆಟ ಅಲ್ಲಿಗೆ ಕೈತಪ್ಪಿತು.

ಬರೆದದ್ದನ್ನು ಆ ಸಿನಿಮಾ ನೋಡಿದ ಗೆಳೆಯರಿಗೆ ಓದಿ ಹೇಳಿ. "ಯಾವ ಸೀನ್‌ನಲ್ಲಿದೆ, ತೋರಿಸು" ಅಂತ ಕೇಳುವ ಹಕ್ಕು ಅವರಿಗಿರಲಿ. ತೋರಿಸಲು ಆಗದ ಸಾಲನ್ನು ಅಲ್ಲೇ ಹೊಡೆದುಹಾಕಿ, ಎಷ್ಟೇ ಚೆನ್ನಾಗಿದ್ದರೂ ಸರಿ.