ಮಳೆಗಾಲದಲ್ಲಿ ಪಿಕಪ್ ಎಂಜಿನ್ ಮಿಸ್ ಹೊಡೆಯುತ್ತಿದ್ದುದನ್ನು ಸರಿಪಡಿಸಿದ್ದು: ನನ್ನ ಅನುಭವ

ತೀರ್ಥಹಳ್ಳಿಯಿಂದ ಅಡಿಕೆ ಹೇರಿಕೊಂಡು ಶಿವಮೊಗ್ಗಕ್ಕೆ ಹೋಗುವಾಗ ನಮ್ಮ ನಾಲ್ಕು ಸಿಲಿಂಡರಿನ ಪೆಟ್ರೋಲ್ ಪಿಕಪ್, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದೊಡನೆ ಜರ್ಕ್ ಹೊಡೆದು ಎಳೆತ ಕಳೆದುಕೊಳ್ಳುತ್ತಿತ್ತು. ಚೆಕ್ ಎಂಜಿನ್ ದೀಪವೂ ಮಿನುಗುತ್ತಿತ್ತು. ದೀಪ ಹೀಗೆ ಮಿನುಗುವಾಗ ಗಾಡಿ ಓಡಿಸುತ್ತಲೇ ಇರಬಾರದು, ಏಕೆಂದರೆ ಉರಿಯದ ಪೆಟ್ರೋಲ್ ಹೊಗೆಯೊಂದಿಗೆ ಹೊರಟು ಹೊಗೆಯನ್ನು ಶುದ್ಧಗೊಳಿಸುವ ದುಬಾರಿ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳುಮಾಡುತ್ತದೆ. ಎಂಜಿನ್ನಿನ ದೋಷ ಓದುವ ಸ್ಕ್ಯಾನರ್ ಪಿ0303 ಎಂಬ ಕೋಡ್ ತೋರಿಸಿತು, ಅಂದರೆ ಮಿಸ್ ಹೊಡೆಯುತ್ತಿರುವುದು, ಪೆಟ್ರೋಲ್ ಸರಿಯಾಗಿ ಉರಿಯದಿರುವುದು, ಮೂರನೆಯ ಸಿಲಿಂಡರಿನಲ್ಲಿ. ಕಿಡಿಗೆ ಬೇಕಾದ ಕರೆಂಟು ಕೊಡುವ ಅದರ ಇಗ್ನಿಷನ್ ಕಾಯಿಲ್ ಎತ್ತಿದಾಗ ಸ್ಪಾರ್ಕ್ ಪ್ಲಗ್ ಕೂರುವ ಗುಂಡಿಯಲ್ಲಿ ನೀರು ಪಸೆಯಾಡುತ್ತಿತ್ತು. ಕಾಯಿಲಿನಿಂದ ಪ್ಲಗ್ಗಿಗೆ ಇಳಿಯುವ ರಬ್ಬರ್ ಬೂಟಿನ (ಕೊಳವೆಯಂಥ ಹೊದಿಕೆಯ) ಒಳಮೈಯಲ್ಲಿ ಕೂದಲೆಳೆಯಷ್ಟು ಸಣ್ಣದಾದ, ಬಿಳಚಿದ ಗೆರೆಯೊಂದಿತ್ತು, ಕರೆಂಟು ಸೋರಿದ ಗುರುತು. ಆದರೂ ಊಹೆಯ ಮೇಲೆ ಬಿಡಿಭಾಗ ಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ. ಗುಂಡಿಯನ್ನು ಒಣಗಿಸಿ, ಅದೇ ಕಾಯಿಲನ್ನು ಎರಡನೆಯ ಸಿಲಿಂಡರಿಗೆ ಕೂರಿಸಿ ಓಡಿಸಿದಾಗ ಕೋಡ್ ಪಿ0302 ಆಯಿತು. ದೋಷವು ಕಾಯಿಲಿನೊಡನೆಯೇ ಸಾಗಿತ್ತು. ಹೊಸ ಕಾಯಿಲ್ ಮತ್ತು ಪ್ಲಗ್ ಹಾಕಿದ ಮೇಲೆ ಜರ್ಕ್ ನಿಂತಿತು. ಗುಂಡಿಯ ಬಾಯಿಯ ಒಡೆದ ರಬ್ಬರ್ ಸೀಲನ್ನೂ ಬದಲಿಸಿದೆ. ಅದನ್ನು ಹಾಗೆಯೇ ಬಿಟ್ಟಿದ್ದರೆ ಮಲೆನಾಡಿನ ಮಳೆಗೆ ಹೊಸ ಕಾಯಿಲೂ ಬಾಳುತ್ತಿರಲಿಲ್ಲ.