ಸಣ್ಣ ಮೀನುಗಾರಿಕೆ ದೋಣಿಗೆ ಕ್ಯಾಬಿನ್ ಕಟ್ಟುವುದು ಹೇಗೆ?

ಎದುರುಗಾಳಿಯಲ್ಲಿ ಉಪ್ಪುನೀರು ಕಣ್ಣಿಗೆ ರಾಚುತ್ತಿರುವಾಗ ಸ್ಟೇರಿಂಗ್ ಹಿಡಿದು ನಿಂತವರಿಗೆ ಕ್ಯಾಬಿನ್ ಯಾಕೆ ಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಮೈ ಒಣಗಿದ್ದರೆ ದಣಿವು ಕಡಿಮೆ, ದಣಿವು ಕಡಿಮೆಯಿದ್ದರೆ ಗಮನ ಜಾಸ್ತಿ. ಮರಗೆಲಸ ಸ್ವಲ್ಪ ಗೊತ್ತಿದ್ದು ತಾಳ್ಮೆ ಇದ್ದರೆ ಇದನ್ನು ನಾವೇ ಕಟ್ಟಿಕೊಳ್ಳಬಹುದು. ಆದರೆ ಶುರುವಿನಿಂದ ಕೊನೆಯವರೆಗೂ ಒಂದು ಮಾತು ತಲೆಯಲ್ಲಿರಲಿ: ಕ್ಯಾಬಿನ್ ಎಷ್ಟು ಭಾರ ಅನ್ನುವುದಕ್ಕಿಂತ ಆ ಭಾರ ಎಷ್ಟು ಎತ್ತರದಲ್ಲಿ ಕೂತಿದೆ ಅನ್ನುವುದೇ ಮುಖ್ಯ. ಮೂರು ಜನ ದೋಣಿಯ ತಳದಲ್ಲಿ ಕೂತರೆ ಏನೂ ಆಗದ ದೋಣಿ, ಅದರಲ್ಲಿ ಒಬ್ಬರು ಚಾವಣಿ ಏರಿದರೆ ವಾಲತೊಡಗುತ್ತದೆ.

ಮೊದಲು ದೋಣಿಯ ತಾಕತ್ತು ನೋಡಿ

ಗರಗಸ ಕೈಗೆತ್ತಿಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಖರ್ಚಿಲ್ಲ, ಗಡಿಯಾರ ಇದ್ದರೆ ಸಾಕು. ಗಾಳಿ ಇಲ್ಲದ ಹೊತ್ತಿನಲ್ಲಿ, ಅಲೆ ಇಲ್ಲದ ನೀರಿನಲ್ಲಿ ದೋಣಿಯ ಹಗ್ಗಗಳನ್ನು ಸಡಿಲ ಬಿಡಿ. ತಳದಲ್ಲಿ ನಿಂತ ನೀರನ್ನೆಲ್ಲ ಹೊರಹಾಕಿ, ಸಾಮಾನುಗಳು ಅತ್ತಿತ್ತ ಜಾರದಂತೆ ಕಟ್ಟಿ. ಆಮೇಲೆ ಅಂಚನ್ನು ಒಮ್ಮೆ ಕೆಳಕ್ಕೆ ಒತ್ತಿ ಕೈಬಿಡಿ. ದೋಣಿ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ಮತ್ತೆ ಎಡಕ್ಕೆ ಬಂದರೆ ಒಂದು ಸುತ್ತು. ಸಣ್ಣ ದೋಣಿಯ ಹೊಯ್ದಾಟ ಬೇಗ ನಿಲ್ಲುತ್ತದೆ, ಹಾಗಾಗಿ ನಾಲ್ಕೈದು ಸುತ್ತಿನ ಸಮಯ ಹಿಡಿದು ಭಾಗಿಸಿ, ಇದನ್ನೇ ಕೆಲವು ಸಲ ಮಾಡಿ ಸರಾಸರಿ ಬರೆದಿಟ್ಟುಕೊಳ್ಳಿ.

ಈ ಸಂಖ್ಯೆ ಯಾಕೆ ಬೇಕು? ಒಂದು ಸುತ್ತಿಗೆ ಹಿಡಿಯುವ ಸಮಯ ಜಾಸ್ತಿಯಾದಷ್ಟೂ ದೋಣಿ ತಾನಾಗಿ ನೆಟ್ಟಗಾಗುವ ಶಕ್ತಿ ಕಡಿಮೆ, ಅದೂ ವರ್ಗದ ಲೆಕ್ಕದಲ್ಲಿ. ಮೊದಲು 2 ಸೆಕೆಂಡ್ ಇದ್ದದ್ದು ಕ್ಯಾಬಿನ್ ಬಂದ ಮೇಲೆ 2.2 ಆಯಿತು ಅಂದುಕೊಳ್ಳಿ. ಕೇಳಲು ಸಣ್ಣ ವ್ಯತ್ಯಾಸ. ಆದರೆ ನೆಟ್ಟಗಾಗುವ ಶಕ್ತಿ ಸುಮಾರು 17 ಶೇಕಡ ಇಳಿದಿದೆ ಅಂತ ಅರ್ಥ. ಒರಟು ಲೆಕ್ಕಕ್ಕೆ ಇನ್ನೊಂದು ಮಾತಿದೆ: ಸೆಕೆಂಡಿನಲ್ಲಿ ಎಣಿಸಿದ ಈ ಸಮಯ, ಮೀಟರಿನಲ್ಲಿ ಅಳೆದ ದೋಣಿಯ ಅಗಲಕ್ಕಿಂತ ಕಡಿಮೆ ಇರಬೇಕು. ಹತ್ತಿರ ಹತ್ತಿರ ಬಂದಿದೆ ಅಂದರೆ ಎಚ್ಚರ. ನಿಧಾನವಾಗಿ, ಹಾಯಾಗಿ ತೂಗುವ ದೋಣಿ ಸುರಕ್ಷಿತ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಉಲ್ಟಾ. ಚಟಕ್ಕನೆ ನೆಟ್ಟಗಾಗುವ ದೋಣಿಯೇ ಗಟ್ಟಿ.

ಕಟ್ಟುವ ಮುಂಚೆಯೇ ಉತ್ತರ ಬೇಕಿದ್ದರೆ, ಕ್ಯಾಬಿನ್ ಬರುವ ಜಾಗದಲ್ಲಿ ಮರದ ಪಟ್ಟಿಗಳ ಚೌಕಟ್ಟು ನಿಲ್ಲಿಸಿ, ಅಂದಾಜು ತೂಕದಷ್ಟು ನೀರಿನ ಕ್ಯಾನುಗಳನ್ನು ಅದೇ ಎತ್ತರದಲ್ಲಿ ಬಿಗಿಯಾಗಿ ಕಟ್ಟಿ ಪರೀಕ್ಷೆ ಮತ್ತೆ ಮಾಡಿ. ದಡದ ಪಕ್ಕದಲ್ಲೇ, ಆಳವಿಲ್ಲದ ಕಡೆ, ಲೈಫ್ ಜಾಕೆಟ್ ಹಾಕಿಕೊಂಡು. ಕ್ಯಾನುಗಳು ಅರ್ಧ ತುಂಬಿರಬಾರದು, ಒಳಗೆ ನೀರು ತುಳುಕಿದರೆ ಲೆಕ್ಕ ಕೆಡುತ್ತದೆ.

ಗಾಳಿಯದ್ದು ಇನ್ನೊಂದು ಲೆಕ್ಕ. ಗಂಟೆಗೆ 36 ಕಿ.ಮೀ. ಗಾಳಿ ಪಕ್ಕದಿಂದ ಬೀಸಿದರೆ ಒಂದು ಚದರ ಮೀಟರ್ ಗೋಡೆಯ ಮೇಲೆ ಸುಮಾರು 6 ಕೆ.ಜಿ.ಯಷ್ಟು ಒತ್ತಡ. ಗಾಳಿ ಎರಡು ಪಟ್ಟಾದರೆ, ಅಂದರೆ 72 ಕಿ.ಮೀ. ಆದರೆ, ಒತ್ತಡ ನಾಲ್ಕು ಪಟ್ಟು, ಸುಮಾರು 25 ಕೆ.ಜಿ. ಪಕ್ಕದ ಗೋಡೆ 3 ಚದರ ಮೀಟರ್ ಇದ್ದರೆ ಒಬ್ಬ ಆಳು ಮೇಲಿನಿಂದ ತಳ್ಳಿದಂತೆ! ದಡಕ್ಕೆ ಕಟ್ಟುವಾಗ, ಬಲೆ ಎಳೆಯಲು ದೋಣಿಯನ್ನು ಒಂದೇ ಕಡೆ ನಿಲ್ಲಿಸುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಕಾಗದಪತ್ರದ ವಿಷಯವನ್ನೂ ಈಗಲೇ ಮುಗಿಸಿ. ದೋಣಿಯ ಆಕಾರ ಬದಲಿಸಿದರೆ ನೋಂದಣಿ ಮತ್ತು ವಿಮೆ ಎರಡಕ್ಕೂ ಪೆಟ್ಟು ಬೀಳಬಹುದು. ಮೊದಲೇ ವಿಚಾರಿಸಿ.

ರಟ್ಟಿನಲ್ಲಿ ಒಮ್ಮೆ ಕಟ್ಟಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ ಅಂತ ನಾನು ಕೈಮುಗಿದು ಕೇಳುತ್ತೇನೆ. ದೊಡ್ಡ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ತೆಳು ಪಟ್ಟಿಗಳ ಮೇಲೆ ಅಂಟಿಸಿ, ಕಿಟಕಿ ಬಾಗಿಲುಗಳನ್ನು ಕತ್ತರಿಸಿ ನಿಜವಾದ ಅಳತೆಯಲ್ಲೇ ಒಂದು ಕ್ಯಾಬಿನ್ ನಿಲ್ಲಿಸಿ. ಆಮೇಲೆ ಒಳಗೆ ಹೋಗಿ, ಸುಮ್ನೆ ನಿಂತು ನೋಡಿ ಬರುವುದಲ್ಲ, ಕೆಲಸ ಮಾಡಿ. ಮಳೆ ಕೋಟು, ಲೈಫ್ ಜಾಕೆಟ್ ಹಾಕಿಕೊಂಡು ಬಾಗಿಲಲ್ಲಿ ನುಗ್ಗಿ. ಕೂತು ನೋಡಿ, ನಿಂತು ನೋಡಿ, ಮುಂದಿನ ನೀರು ಎಷ್ಟು ಹತ್ತಿರದಿಂದ ಕಾಣುತ್ತದೆ? ವೇಗ ಹಿಡಿಯುವಾಗ ಮೂತಿ ಮೇಲೇಳುತ್ತದಲ್ಲ, ಆಗ? ಸ್ಟೇರಿಂಗ್ ಬಿಡದೆ ಹಿಂದೆ ಬಲೆ ಎಳೆಯುವವರು ಕಾಣಬೇಕು, ಅವರ ಕೂಗು ಕೇಳಬೇಕು. ಕಿಟಕಿಗಳ ನಡುವಿನ ಕಂಬ ಅಗಲವಾದರೆ ಅದರ ಹಿಂದೆ ಒಂದು ಇಡೀ ದೋಣಿ ಅಡಗಿಬಿಡುತ್ತದೆ.

ಲಂಗರು ಹಾಕಲು ಮುಂದೆ ಹೋಗುವ ದಾರಿ ಯಾವುದು? ಇಲ್ಲೇ ಹೆಚ್ಚಿನವರು ಎಡವುವುದು. ಕ್ಯಾಬಿನ್ನನ್ನು ದೋಣಿಯ ಪೂರ್ತಿ ಅಗಲಕ್ಕೆ ಕಟ್ಟಿದರೆ ಒಳಗೆ ಜಾಗ ಸಿಗುತ್ತದೆ, ಆದರೆ ಮುಂದೆ ಹೋಗಲು ಅಂಚಿನ ಮೇಲೆ ಸರ್ಕಸ್ ಮಾಡಬೇಕಾಗುತ್ತದೆ. ಕಿರಿದಾದ ದೋಣಿಯಲ್ಲಿ ಕ್ಯಾಬಿನ್ನನ್ನು ಒಂದು ಪಕ್ಕಕ್ಕೆ ಸ್ವಲ್ಪ ಸರಿಸಿ ಇನ್ನೊಂದು ಪಕ್ಕದಲ್ಲಿ ದಾರಿ ಬಿಡಬಹುದು. ಇಲ್ಲವೇ ಮುಂದಿನ ಒಂದು ಕಿಟಕಿ ಪೂರ್ತಿ ತೆರೆದು ಅದರ ಮೂಲಕವೇ ಹೊರಬರುವಂತೆ ಮಾಡಬಹುದು. ಎರಡೂ ಸಾಧ್ಯವಿಲ್ಲದಿದ್ದರೆ ಕ್ಯಾಬಿನ್ ಚಿಕ್ಕದಾಗಲಿ. ದಾರಿ ಮಾತ್ರ ಬಿಡಬೇಡಿ.

ಎತ್ತರ ಎಷ್ಟಿರಲಿ

ನೆಟ್ಟಗೆ ನಿಲ್ಲುವ ಎತ್ತರ ಎಲ್ಲರಿಗೂ ಆಸೆ. ಆದರೆ 5.5 ಮೀಟರಿಗಿಂತ ಚಿಕ್ಕ ದೋಣಿಗೆ ಅದು ಬೇಡ ಅಂತಲೇ ನನ್ನ ಅಭಿಪ್ರಾಯ. ಕೂತು ಓಡಿಸುವಷ್ಟು ಎತ್ತರ ಸಾಕು. ಹಿಂಬದಿ ತೆರೆದೇ ಇರಲಿ, ಬೇಕಾದಾಗ ಇಳಿಬಿಡುವ ಕ್ಯಾನ್ವಾಸ್ ಪರದೆ ಹಾಕಿದರಾಯಿತು. ತೂಕ ಉಳಿಯುತ್ತದೆ, ಹೊರಗೆ ಹಾರಲು ಬಾಗಿಲು ತಡಕಾಡುವ ಪ್ರಶ್ನೆಯೇ ಇಲ್ಲ. ದೋಣಿ ಮಗುಚಿದಾಗ ಮುಚ್ಚಿದ ಕ್ಯಾಬಿನ್ನಿನ ಒಳಗಿರುವವರಿಗೆ ಲೈಫ್ ಜಾಕೆಟ್ಟೇ ಅಡ್ಡಿಯಾಗಬಹುದು, ಅದು ಅವರನ್ನು ಮೇಲಕ್ಕೆ, ಅಂದರೆ ಒಳಗಿನ ಮೇಲ್ಭಾಗಕ್ಕೆ, ಒತ್ತಿ ಹಿಡಿಯುತ್ತದೆ. ಆದ್ದರಿಂದ ಪೂರ್ತಿ ಮುಚ್ಚಿದ ಕ್ಯಾಬಿನ್ ಕಟ್ಟಿದರೆ, ಬಾಗಿಲಲ್ಲದೆ ಇನ್ನೊಂದು ದಾರಿ, ಒಬ್ಬ ದೊಡ್ಡವರು ತೂರುವಷ್ಟು ದೊಡ್ಡ ಕಿಟಕಿಯಾದರೂ ಇರಲೇಬೇಕು.

ಮುಂದೆ–ಹಿಂದೆ ಎಲ್ಲಿ ಕೂರಿಸುವುದು ಅನ್ನುವುದೂ ಅಷ್ಟೇ ಮುಖ್ಯ. ತೀರಾ ಮುಂದಕ್ಕೆ ಹೋದರೆ ಮೂತಿ ಅಲೆಗೆ ಇಳಿಯುತ್ತದೆ, ಹಿಂದಿನ ಅಲೆಯಲ್ಲಿ ದೋಣಿ ಅಡ್ಡ ತಿರುಗುತ್ತದೆ. ಓಡಿಸುವವರ ತೂಕವೂ ಕ್ಯಾಬಿನ್ ಜೊತೆಗೆ ಮುಂದೆ ಬರುತ್ತದೆ ಅನ್ನುವುದನ್ನು ಮರೆಯಬೇಡಿ. ನಡುವಿನಿಂದ ಸ್ವಲ್ಪ ಹಿಂದಕ್ಕೆ ಇದ್ದರೆ ಒಳ್ಳೆಯದು, ಆದರೆ ಹಿಂದೆ ಮೀನು ಕೆಲಸಕ್ಕೆ ಜಾಗವೂ ಉಳಿಯಬೇಕು. ಎರಡರ ನಡುವೆ ಎಲ್ಲೋ ಒಂದು ಕಡೆ ನಿಲ್ಲಿಸಬೇಕಾಗುತ್ತದೆ.

ಯಾವ ಸಾಮಾನು

ಒಂದು ಚದರ ಮೀಟರಿನ ತೂಕ ನೋಡಿ. 9 ಮಿ.ಮೀ. ಹಗುರ ಜಾತಿಯ ಮರೈನ್ ಪ್ಲೈವುಡ್ ಸುಮಾರು 4.5 ಕೆ.ಜಿ. 3 ಮಿ.ಮೀ. ಅಲ್ಯೂಮಿನಿಯಂ 8 ಕೆ.ಜಿ. 6 ಮಿ.ಮೀ. ಪಾಲಿಕಾರ್ಬನೇಟ್ (ಗಾಜಿನಂತೆ ಪಾರದರ್ಶಕವಾದ ಪ್ಲಾಸ್ಟಿಕ್) 7 ಕೆ.ಜಿ. 6 ಮಿ.ಮೀ. ಗಾಜು 15 ಕೆ.ಜಿ. ಅಂದರೆ ಗೋಡೆಗಿಂತ ಗಾಜೇ ಮೂರು ಪಟ್ಟು ಭಾರ, ಅದೂ ಎದೆಮಟ್ಟಕ್ಕಿಂತ ಮೇಲೆ. ಗೋಡೆ ತೆಳುವಾಗಿಸಲು ಒದ್ದಾಡಿ ಸುತ್ತಲೂ ಗಾಜು ಹಾಕಿದರೆ ಏನು ಪ್ರಯೋಜನ?

ಮನೆಯಲ್ಲಿ ಕಟ್ಟುವವರಿಗೆ ಪ್ಲೈವುಡ್, ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು), ಫೈಬರ್ ಬಟ್ಟೆ ಇವೇ ಅನುಕೂಲ. ಮರೈನ್ ಗ್ರೇಡ್ ಪ್ಲೈವುಡ್ಡಿಗೆ ಬಿಎಸ್ 1088 ಅನ್ನುವ ಗುಣಮಟ್ಟ ಇದೆ, ಆ ಗುರುತು ನೋಡಿ ತನ್ನಿ. ಗೋಡೆಗೆ 9 ಮಿ.ಮೀ., ಚಾವಣಿಗೆ 6 ಮಿ.ಮೀ. ಹಾಳೆಯ ಕೆಳಗೆ ಹಗುರ ಮರದ ತೊಲೆಗಳು ಸಾಕಾಗುತ್ತವೆ. ದೋಣಿ ಅಲ್ಯೂಮಿನಿಯಂದಾಗಿದ್ದು ವೆಲ್ಡಿಂಗ್ ಚೆನ್ನಾಗಿ ಬರುವವರು ಸಿಕ್ಕರೆ ಅಲ್ಯೂಮಿನಿಯಂ ಕ್ಯಾಬಿನ್ ಒಳ್ಳೆಯದೇ. ಆದರೆ ಅದರ ಚಾವಣಿಯ ಕೆಳಗೆ ಜಿಪಿಎಸ್ ಸಿಗ್ನಲ್ ಬರುವುದಿಲ್ಲ, ಆಂಟೆನಾ ಹೊರಗೇ ಇಡಬೇಕು.

ಕಟ್ಟುವ ಕೆಲಸ

ರಟ್ಟಿನ ತುಂಡುಗಳೇ ನಿಮ್ಮ ಮಾದರಿ. ಅವನ್ನು ಪ್ಲೈವುಡ್ ಮೇಲಿಟ್ಟು ಗೆರೆ ಎಳೆದು ಕತ್ತರಿಸಿ. ಡೆಕ್ ಯಾವತ್ತೂ ಸಮತಟ್ಟಾಗಿರುವುದಿಲ್ಲ, ಹಾಗಾಗಿ ಗೋಡೆಯ ಕೆಳಗಿನ ಅಂಚನ್ನು ಸ್ವಲ್ಪ ಉದ್ದ ಬಿಟ್ಟು, ಜಾಗದಲ್ಲೇ ನಿಲ್ಲಿಸಿ, ಒಂದು ಸಣ್ಣ ಮರದ ತುಂಡಿಗೆ ಪೆನ್ಸಿಲ್ ಒತ್ತಿಹಿಡಿದು ಡೆಕ್ ಮೇಲೆ ಜಾರಿಸುತ್ತಾ ಗೆರೆ ಹಾಕಿ. ಆ ಗೆರೆಗೆ ಕತ್ತರಿಸಿದರೆ ಸಂದಿಲ್ಲದೆ ಕೂರುತ್ತದೆ.

ಗೋಡೆಗಳು ಸೇರುವ ಒಳಮೂಲೆಗೆ ಪುಡಿ ಬೆರೆಸಿ ಗಟ್ಟಿಮಾಡಿದ ಎಪಾಕ್ಸಿಯನ್ನು ದುಂಡಾಗಿ ತುಂಬಿ, ಅದರ ಮೇಲೆ ಫೈಬರ್ ಪಟ್ಟಿ ಹಾಕಿ. ಹೊರಮೂಲೆಯನ್ನು ಉಜ್ಜಿ ದುಂಡಗೆ ಮಾಡಿ, ಚೂಪಾಗಿದ್ದರೆ ಬಟ್ಟೆ ಅಂಟದೆ ಗಾಳಿ ಉಳಿಯುತ್ತದೆ. ಹೊರಗೆ ಪೂರ್ತಿ ಒಂದು ಪದರ, ಚದರ ಮೀಟರಿಗೆ 200 ಗ್ರಾಂ ತೂಗುವ ಫೈಬರ್ ಬಟ್ಟೆ ಸಾಕು. ಪ್ಲೈವುಡ್ಡಿನ ಪ್ರತಿ ಅಂಚು, ಪ್ರತಿ ತೂತು ಎಪಾಕ್ಸಿ ಕುಡಿದು ತೃಪ್ತಿಯಾಗುವವರೆಗೆ ಹಚ್ಚಿ, ಯಾಕೆಂದರೆ ಕೊಳೆಯುವುದು ಅಲ್ಲಿಂದಲೇ ಶುರು. ಎಪಾಕ್ಸಿ ಗಟ್ಟಿಯಾದ ಮೇಲೆ ಮೇಲ್ಮೈ ಮೇಣದಂತೆ ಜಿಗುಟಾಗಿದ್ದರೆ ನೀರಲ್ಲಿ ತೊಳೆದು ಆಮೇಲೆ ಉಜ್ಜಿ. ಮತ್ತೆ ಬಣ್ಣ ಕಡ್ಡಾಯ: ಬರಿ ಎಪಾಕ್ಸಿ ಬಿಸಿಲಿಗೆ ಪುಡಿಯಾಗುತ್ತದೆ. ಚಾವಣಿಗೆ ಬಿಳಿ, ಸ್ವಲ್ಪ ಉಬ್ಬು ಇರಲಿ, ನೀರು ನಿಲ್ಲಬಾರದು. ಚಾವಣಿಯ ಅಂಚಿನುದ್ದಕ್ಕೂ ಹಿಡಿದುಕೊಳ್ಳುವ ಕಂಬಿ ಹಾಕಿ.

ಡೆಕ್‌ಗೆ ಕೂರಿಸುವುದು

ಫೈಬರ್ ದೋಣಿಯ ಡೆಕ್ ಹಲವು ಸಲ ಎರಡು ಪದರ, ನಡುವೆ ಮರ ಅಥವಾ ಫೋಮ್. ಡ್ರಿಲ್ ಹಾಕಿದಾಗ ಹೊರಬರುವ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿ. ಒಣಗಿ ತಿಳಿಬಣ್ಣ ಇದ್ದರೆ ಸರಿ. ಕಂದು ಬಣ್ಣದ ಒದ್ದೆ ಹಿಟ್ಟು, ಹುಳಿ ವಾಸನೆ ಬಂದರೆ ಒಳಗೆ ಕೊಳೆತಿದೆ, ಅದನ್ನು ರಿಪೇರಿ ಮಾಡದೆ ಮೇಲೆ ಏನೂ ಕಟ್ಟಬಾರದು.

ಒಳಗೆ ಸರಿಯಿದ್ದರೂ ಬೋಲ್ಟ್ ನೇರವಾಗಿ ಹಾಕಬೇಡಿ. 8 ಮಿ.ಮೀ. ಬೋಲ್ಟಿಗೆ ಮೊದಲು 14–16 ಮಿ.ಮೀ. ತೂತು ಕೊರೆಯಿರಿ, ಕೆಳಗೆ ಟೇಪ್ ಅಂಟಿಸಿ, ಪೂರ್ತಿ ಗಟ್ಟಿ ಎಪಾಕ್ಸಿ ತುಂಬಿ. ಮಾರನೇ ದಿನ ಅದರ ನಡುವೆ 8 ಮಿ.ಮೀ. ತೂತು. ಈಗ ಬೋಲ್ಟಿನ ಸುತ್ತ ನೀರು ತಡೆಯಲು ಹಚ್ಚುವ ಸೀಲಂಟ್ ಸೋತರೂ ನೀರು ಮರಕ್ಕೆ ಮುಟ್ಟುವುದಿಲ್ಲ, ಬೋಲ್ಟ್ ಬಿಗಿದರೆ ಡೆಕ್ ಜಜ್ಜುವುದೂ ಇಲ್ಲ. ಕೆಳಗಡೆ ಅಗಲವಾದ ಪಟ್ಟಿ ಕೊಟ್ಟು ನಟ್ ಬಿಗಿಯಿರಿ, ಬರಿ ವಾಷರ್ ಸಾಲದು. ಬೋಲ್ಟುಗಳು 316 ದರ್ಜೆಯ, ಅಂದರೆ ಉಪ್ಪುನೀರು ತಾಳುವ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಅಲ್ಯೂಮಿನಿಯಂ ಮೇಲೆ ಸ್ಟೀಲ್ ಕೂರುವ ಕಡೆ ನೈಲಾನ್ ವಾಷರ್ ಮತ್ತು ತುಕ್ಕು ತಡೆಯುವ ಪೇಸ್ಟ್ ಬೇಕು, ಇಲ್ಲವಾದರೆ ಉಪ್ಪುನೀರಲ್ಲಿ ಸ್ಟೀಲ್ ಹಾಗೇ ಉಳಿದು ಸುತ್ತಲಿನ ಅಲ್ಯೂಮಿನಿಯಂ ಬಿಳಿ ಪುಡಿಯಾಗುತ್ತದೆ. ಡೆಕ್ಕಿನ ನೀರು ಹರಿಯುವ ತೂತುಗಳನ್ನು ಮಾತ್ರ ಮುಚ್ಚಬೇಡಿ.

ಕಿಟಕಿಗಳು

ವೈಪರ್ ಇರುವ ಮುಂದಿನ ಕಿಟಕಿಗೆ ಮಾತ್ರ ಟಫನ್ಡ್ ಅಥವಾ ಲ್ಯಾಮಿನೇಟೆಡ್ ಗಾಜು. ವೈಪರ್ ಉಪ್ಪಿನ ಕಣಗಳನ್ನು ಎಳೆದಾಡಿ ಪ್ಲಾಸ್ಟಿಕ್ ಹಾಳೆಯನ್ನು ಗೀಚಿ ಮಂಜು ಮಾಡಿಬಿಡುತ್ತದೆ. ಉಳಿದ ಕಡೆ ಪಾಲಿಕಾರ್ಬನೇಟ್ ಅಥವಾ ಅಕ್ರಿಲಿಕ್. ಈ ಹಾಳೆಗಳು ಬಿಸಿಲಿಗೆ ಹಿಗ್ಗುತ್ತವೆ, ಸ್ಕ್ರೂ ತೂತು ಒಂದೆರಡು ಮಿ.ಮೀ. ದೊಡ್ಡದಿರಲಿ. ಪಾಲಿಯುರೆಥೇನ್ ಸೀಲಂಟ್ ಕೆಲವು ಪ್ಲಾಸ್ಟಿಕ್ಕುಗಳಲ್ಲಿ ಬಿರುಕು ತರುತ್ತದೆ, ಅದಕ್ಕೇ ಕಿಟಕಿಗೆಂದೇ ಇರುವ ಸಿಲಿಕೋನ್ ಬಳಸಿ.

ಮುಂದಿನ ಗಾಜು ಯಾವ ಕಡೆ ಓರೆ? ಮೇಲ್ಭಾಗ ಮುಂದಕ್ಕೆ ಚಾಚಿದ್ದರೆ ರಾತ್ರಿ ಒಳಗಿನ ಪರದೆಗಳ ಬೆಳಕು ಕಣ್ಣಿಗೆ ಹೊಡೆಯುವುದು ಕಡಿಮೆ, ಮಳೆನೀರೂ ಬೇಗ ಜಾರುತ್ತದೆ. ಆದರೆ ಗಾಳಿ ತಡೆಯುತ್ತದೆ. ಹಿಂದಕ್ಕೆ ಓರೆಯಾದರೆ ಗಾಳಿಗೆ ಸುಲಭ, ಪ್ರತಿಫಲನ ಜಾಸ್ತಿ. ರಾತ್ರಿ ಹೋಗುವವರು ಮೊದಲನೆಯದನ್ನೇ ಆರಿಸಿ. ಯಾವುದಾದರೂ ಸರಿ, ಗಾಜಿನ ಕೆಳಗಿನ ಹಲಗೆಗೆ ಹೊಳಪಿಲ್ಲದ ಕಪ್ಪು ಬಣ್ಣ ಹಚ್ಚಿ.

ವೈರು, ದೀಪ, ದಿಕ್ಸೂಚಿ

ತವರ ಲೇಪಿಸಿದ ತಾಮ್ರದ ವೈರು ಬಳಸಿ. ಬ್ಯಾಟರಿಯಿಂದ ಹೊರಟ ತಕ್ಷಣ ಫ್ಯೂಸ್ ಇರಲಿ. ವೈರು ಒಳಬರುವ ಕಡೆ ಕೆಳಕ್ಕೆ ಒಂದು ಬಾಗು ಬಿಡಿ, ನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ. ದಿಕ್ಸೂಚಿಯ ಹತ್ತಿರ ಸ್ಪೀಕರ್, ವೈಪರ್ ಮೋಟಾರ್ ಬೇಡ. ಹತ್ತಿರ ಹಾಯುವ ಎರಡು ವೈರುಗಳನ್ನು ಒಂದಕ್ಕೊಂದು ಹೆಣೆದರೆ ಅವುಗಳ ಕಾಂತಬಲ ಪರಸ್ಪರ ಕಳೆದುಹೋಗುತ್ತದೆ.

ಹಳೆಯ ಬಿಳಿ ದೀಪ ಈಗ ಕ್ಯಾಬಿನ್ ಮರೆಯಲ್ಲಿರುತ್ತದೆ, ಅದನ್ನು ಚಾವಣಿಗೆ ಏರಿಸಲೇಬೇಕು. 1972ರ ಅಂತರರಾಷ್ಟ್ರೀಯ ಡಿಕ್ಕಿ ತಡೆ ನಿಯಮಗಳ ಪ್ರಕಾರ 12 ಮೀಟರಿಗಿಂತ ಚಿಕ್ಕ ಯಂತ್ರದೋಣಿಗೆ ಸುತ್ತಲೂ ಕಾಣುವ ಒಂದು ಬಿಳಿ ದೀಪ, ಪಕ್ಕದ ಕೆಂಪು ಹಸಿರು ದೀಪಗಳು ಸಾಕು. ಬಿಳಿ ದೀಪ ಅವಕ್ಕಿಂತ ಕನಿಷ್ಠ 1 ಮೀಟರ್ ಎತ್ತರದಲ್ಲಿರಬೇಕು. ಮೀನು ಹಿಡಿಯುವಾಗಿನ ದೀಪಗಳ ನಿಯಮ ಬೇರೆ, ಅದಕ್ಕೂ ಕಂಬದಲ್ಲಿ ಜಾಗ ಬಿಟ್ಟಿರಿ.

ಹೊಗೆಯ ಬಗ್ಗೆ

ದೋಣಿ ಮುಂದೆ ಹೋಗುವಾಗ ಕ್ಯಾಬಿನ್ನಿನ ಹಿಂದೆ ಗಾಳಿಯ ಒತ್ತಡ ಇಳಿಯುತ್ತದೆ. ಎಂಜಿನ್ ಹೊಗೆ ಆ ಜಾಗಕ್ಕೆ ಸುತ್ತಿ ಬಂದು ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಬಂದರೆ ಸಮುದ್ರದ ಹೊಯ್ದಾಟಕ್ಕೆ ಅಂದುಕೊಂಡು ಸುಮ್ಮನಿರುತ್ತೇವೆ. ಮುಂದಿನ ಒಂದು ಕಿಟಕಿ ತೆರೆಯುವಂತಿದ್ದರೆ ಗಾಳಿ ಮುಂದಿನಿಂದ ಹಿಂದಕ್ಕೆ ಹರಿದು ಹೊಗೆಯನ್ನು ಹೊರದೂಡುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಹಾಕಿ. ಪೆಟ್ರೋಲ್ ಟ್ಯಾಂಕ್ ಯಾವ ಕಾರಣಕ್ಕೂ ಕ್ಯಾಬಿನ್ ಒಳಗೆ ಬೇಡ, ಅದರ ಆವಿ ಗಾಳಿಗಿಂತ ಭಾರ, ತಳದಲ್ಲಿ ಕೂತು ಕಿಡಿಗೆ ಕಾಯುತ್ತದೆ.

ನೀರಿಗಿಳಿಸಿದ ಮೇಲೆ

ಮೊದಲು ಅದೇ ಹೊಯ್ದಾಟದ ಪರೀಕ್ಷೆ. ಹಳೆಯ ಸಂಖ್ಯೆಯ ಪಕ್ಕ ಹೊಸದನ್ನು ಬರೆಯಿರಿ. ವ್ಯತ್ಯಾಸ ಜಾಸ್ತಿ ಬಂದರೆ ಚಾವಣಿ ಮೇಲಿನದ್ದನ್ನೆಲ್ಲ ಇಳಿಸಿ, ಬ್ಯಾಟರಿ, ಲಂಗರು, ಸರಪಳಿಯನ್ನು ತಳಕ್ಕೆ ಸರಿಸಿ ಮತ್ತೆ ನೋಡಿ. ಆಗಲೂ ಅಗಲದ ಲೆಕ್ಕ ದಾಟಿದ್ದರೆ ಕ್ಯಾಬಿನ್ನಿನ ಎತ್ತರ ಕತ್ತರಿಸಬೇಕು, ಬೇರೆ ದಾರಿಯಿಲ್ಲ. ಅಷ್ಟು ಕೆಲಸ ಮಾಡಿದ ಮೇಲೆ ಮನಸ್ಸು ಒಪ್ಪುವುದಿಲ್ಲ, ಆದರೂ ಕತ್ತರಿಸಿ.

ಸರಿಯಿದ್ದರೆ ಶಾಂತ ದಿನದಲ್ಲಿ, ಮೀನಿನ ಹೊರೆಯಿಲ್ಲದೆ, ದಡದ ಹತ್ತಿರವೇ ಓಡಿಸಿ. ನಿಧಾನ ವೇಗದಲ್ಲಿ ಎರಡೂ ಕಡೆ ತಿರುಗಿಸಿ, ಪಕ್ಕದ ಗಾಳಿಗೆ ನಿಲ್ಲಿಸಿ ನೋಡಿ. ಮೆದುಗೊಳವೆಯಿಂದ ಕಿಟಕಿಗಳಿಗೆ ನೀರು ಹಾಯಿಸಿ ಸೋರಿಕೆ ಹುಡುಕಿ. ದಿಕ್ಸೂಚಿಯನ್ನು ಗೊತ್ತಿರುವ ಎರಡು ಗುರುತುಗಳ ಸಾಲಿಗೆ ಹಿಡಿದು ಮತ್ತೆ ಸರಿಮಾಡಿಸಿ. ಮೊದಲ ಕೆಲವು ವಾರ ಸಮುದ್ರಕ್ಕೆ ಹೋಗಿ ಬಂದಾಗಲೆಲ್ಲ ಬೋಲ್ಟುಗಳನ್ನು ಸ್ಪ್ಯಾನರ್ ಹಾಕಿ ನೋಡಿ. ಸುತ್ತಲಿನ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ ಅಲ್ಲಿ ಕ್ಯಾಬಿನ್ ಅಲುಗಾಡುತ್ತಿದೆ. ಆ ಬೋಲ್ಟ್ ಬಿಚ್ಚಿ, ಕೆಳಗಿನ ಪಟ್ಟಿ ದೊಡ್ಡದು ಮಾಡಿ, ಹೊಸ ಸೀಲಂಟ್ ಹಾಕಿ ಮತ್ತೆ ಬಿಗಿಯಿರಿ.