ಐರ್ಲೆಂಡಲ್ಲಿ ಸೈಕಲ್ ಟೂರ್ ಮಾಡೋದಾದ್ರೆ ಮೊದ್ಲು ಗಾಳಿ ಕೇಳಿ

42 ಕಿಲೋಮೀಟರ್, ಹೆಚ್ಚುಕಮ್ಮಿ ಫ್ಲಾಟು, ಎರಡೂವರೆ ಗಂಟೆ ಸಾಕು ಅಂತ ಹೊರಟಿದ್ದೆ. ಬೆಳಗಿನ ಜಾವ ಬೆಂಗಳೂರಿಂದ ಹೊರಟು ನಂದಿ ಬೆಟ್ಟ ಹತ್ತಿ ಇಳಿದು ಇಡ್ಲಿ ತಿಂದು ವಾಪಸ್ ಬರ್ತಿದ್ದವನಿಗೆ ಇದೇನು ಮಹಾ ಅನ್ನೋ ಕೊಬ್ಬು. ಐರ್ಲೆಂಡಿನ ಪಶ್ಚಿಮದ ಮೇಯೋ ಕೌಂಟಿಯಲ್ಲಿ ವೆಸ್ಟ್‌ಪೋರ್ಟ್ ಅನ್ನೋ ಊರಿಂದ ಅಕಿಲ್ ದ್ವೀಪದ ಕಡೆಗೆ, ಅಂದ್ರೆ ಸೀದಾ ಅಟ್ಲಾಂಟಿಕ್ ಸಮುದ್ರದ ಬಾಯಿಗೆ ಮುಖ ಮಾಡಿ ತುಳಿದೆ, ಐದು ಗಂಟೆ ಹಿಡೀತು. ಇಳಿಜಾರಲ್ಲೂ ತುಳೀಬೇಕು, ನಿಲ್ಸಿದ್ರೆ ಸೈಕಲ್ಲೇ ನಿಂತ್ಹೋಗ್ತಿತ್ತು. ಅಷ್ಟ್ರಲ್ಲಿ ಎದುರಿಂದ ಬುಟ್ಟಿ ಕಟ್ಟಿದ ಸೈಕಲ್ಲಲ್ಲಿ ಅಜ್ಜಿ ಒಬ್ರು ಪೆಡಲ್ ಮೇಲೆ ಸುಮ್ನೆ ಕಾಲಿಟ್ಕೊಂಡು ತೇಲ್ಕೊಂಡು ಬಂದು, "ಗ್ರ್ಯಾಂಡ್ ಡೇ!" ಅಂತ ನಕ್ಕು ಹೋದ್ರು. ಅವ್ರು ಬೆಳಿಗ್ಗೆ ವ್ಯಾನಲ್ಲಿ ಅಕಿಲ್‌ಗೆ ಹೋಗಿ ಅಲ್ಲಿಂದ ತುಳ್ಕೊಂಡು ವಾಪಸ್ ಬರ್ತಿದ್ರು. ಊರಿನೋರಿಗೆ ಗೊತ್ತಿರೋ ವಿಷ್ಯ ಅದು, ನಾನು ಮಾತ್ರ ಮ್ಯಾಪಲ್ಲಿ ಕಿಲೋಮೀಟರ್ ಎಣಿಸಿದ್ದೆ.

ಹಂಗಾಗಿ ಈ ಮೂರು ದಿನದ ಟೂರನ್ನ ನಾನು ಈಗ ಹೇಗೆ ಮಾಡ್ತೀನೋ ಹಂಗೇ ಒಂದೊಂದಾಗಿ ಬರೀತಿದೀನಿ.

1. ಯಾವಾಗ, ಹೇಗೆ ಹೋಗೋದು

ಮೇ, ಜೂನ್ ಬೆಸ್ಟ್. ಜೂನ್ ಕೊನೇಲಿ ಅಲ್ಲಿ ರಾತ್ರಿ ಹತ್ತರವರೆಗೂ ಸೂರ್ಯ ಮುಳುಗಲ್ಲ, ಹಾಗಾಗಿ ಬೆಳಿಗ್ಗೆ ಮಳೆ ಬಂದ್ರೆ ಆರಾಮಾಗಿ ಕಾಫಿ ಕುಡೀತಾ ಕೂತು ಮಧ್ಯಾಹ್ನ ಹೊರಟ್ರೂ ಬೆಳಕಿರೋವಾಗ್ಲೇ ತಲುಪ್ತೀರ. ಇಂಡಿಯಾದಿಂದ ಹೋಗೋರು ಒಂದು ಗಮನದಲ್ಲಿಟ್ಕೊಳ್ಳಿ, ಐರ್ಲೆಂಡ್ ಷೆಂಗೆನ್ (ಒಂದೇ ವೀಸಾದಲ್ಲಿ ಸುತ್ತಬಹುದಾದ ಯೂರೋಪ್ ದೇಶಗಳ ಗುಂಪು) ಒಳಗಿಲ್ಲ, ಯೂರೋಪ್ ಟ್ರಿಪ್ಪಿಗೆ ತಗೊಂಡ ವೀಸಾ ತೋರ್ಸಿದ್ರೆ ನಡೆಯಲ್ಲ, ಐರಿಷ್ ವೀಸಾ ಬೇರೇನೇ ಮಾಡಿಸ್ಬೇಕು.

ಡಬ್ಲಿನ್ನಿನ ಹ್ಯೂಸ್ಟನ್ ಸ್ಟೇಷನ್ನಿಂದ ವೆಸ್ಟ್‌ಪೋರ್ಟ್‌ಗೆ ಟ್ರೈನಲ್ಲಿ ಮೂರು ಗಂಟೆ ಚಿಲ್ಲರೆ. ನಿಮ್ಮ ಸೈಕಲ್ ತಗೊಂಡು ಹೋಗೋದಾದ್ರೆ ನಿಮ್ಮ ಸೀಟಿನ ಜೊತೆ ಸೈಕಲ್ಲಿಗೂ ಜಾಗ ಬುಕ್ ಮಾಡಿ, ಒಂದು ಟ್ರೈನಲ್ಲಿ ಬೆರಳೆಣಿಕೆ ಜಾಗ ಅಷ್ಟೇ ಇರೋದು. ಇಲ್ಲಾಂದ್ರೆ ವೆಸ್ಟ್‌ಪೋರ್ಟಲ್ಲೇ ಬಾಡಿಗೆಗೆ ಸಿಗತ್ತೆ, ಬಾಡಿಗೆ ಅಂಗಡಿಯವ್ರೇ ವ್ಯಾನಲ್ಲಿ ಅಕಿಲ್‌ವರೆಗೆ ಬಿಟ್ಟು ಬರೋ ವ್ಯವಸ್ಥೆನೂ ಇಟ್ಟಿರ್ತಾರೆ.

2. ಸೈಕಲ್ಲು, ಬ್ಯಾಗು

ರೋಡ್ ಬೈಕ್ ಸಾಕು, ಆದ್ರೆ ಸಣ್ಣ ಟೈರ್ ಬೇಡ, 28 ಎಂಎಂ ಕನಿಷ್ಠ, 32 ಇದ್ರೆ ಬೆನ್ನಿಗೆ ಸುಖ. ಅಲ್ಲಿಯ ಹಳ್ಳಿ ರಸ್ತೆ ಟಾರಿನ ಮೇಲೆ ಜಲ್ಲಿ ಚೆಲ್ಲಿ ರೋಲರ್ ಹೊಡ್ಸಿದ ಥರದ್ದು, ಗುಂಡಿ ಕಮ್ಮಿ ಆದ್ರೆ ದಿನವಿಡೀ ಜುಮ್ ಅಂತ ಕೈ ನಡುಗ್ತಾ ಇರತ್ತೆ. ಮುಂದೆ ಬಿಳಿ ಲೈಟು, ಹಿಂದೆ ಕೆಂಪು ಲೈಟು, ಕತ್ತಲಾದ್ಮೇಲೆ ಕಾನೂನು ಪ್ರಕಾರ ಬೇಕೇ ಬೇಕು, ಬೆಲ್ಲೂ ಬೇಕು. ಹೆಲ್ಮೆಟ್ ಕಡ್ಡಾಯ ಇಲ್ಲ, ಆದ್ರೂ ಹಾಕ್ಕೊಳ್ಳಿ.

ಬಟ್ಟೆ ವಿಷ್ಯದಲ್ಲಿ ನನ್ನ ಅನುಭವ ಏನಂದ್ರೆ, ದಪ್ಪ ಜಾಕೆಟ್ ಒಂದೇ ತಗೊಂಡು ಹೋಗೋದಕ್ಕಿಂತ ತೆಳ್ಳಗಿರೋದು ಮೂರು ಒಳ್ಳೇದು, ಯಾಕಂದ್ರೆ ಒಂದು ಗಂಟೇಲಿ ಬಿಸಿಲು ಸೋನೆ ಚಳಿ ಮತ್ತೆ ಬಿಸಿಲು ಎಲ್ಲಾ ಬರತ್ತೆ, ಹಾಕೋದು ಬಿಚ್ಚೋದೇ ಕೆಲ್ಸ. ನಮ್ಮ ಮಲೆನಾಡಿನ ಜಡಿಮಳೆ ಅಲ್ಲ ಅದು, ಕಂಬಳಿಕೊಪ್ಪೆ ಹಾಕೋಷ್ಟು ಇಲ್ಲ, ಹಾಗಂತ ಬಿಡೋದೂ ಇಲ್ಲ. ಅಂಥ ಜಿನುಗು ಮಳೆ ದಿನಕ್ಕೆ ಅಲ್ಲಿಯವ್ರು "ಸಾಫ್ಟ್ ಡೇ" ಅಂತಾರೆ, ಕೇಳೋಕೆ ಚೆನ್ನಾಗಿದೆ, ಒದ್ದೆ ಸಾಕ್ಸ್ ಒಳಗೆ ಅದೇನು ಸಾಫ್ಟಾಗಿರಲ್ಲ. ಎರಡು ಜೊತೆ ಗ್ಲೌಸ್ ಇಟ್ಕೊಳ್ಳಿ. ಬೆರಳು ಮರಗಟ್ಟಿದ್ರೆ ಬ್ರೇಕ್ ಹಿಡಿಯೋಕೇ ಆಗಲ್ಲ.

3. ಹಿಂದಿನ ರಾತ್ರಿ ಗಾಳಿ ನೋಡೋದು

ಮಳೆ ಎಷ್ಟು ಅಂತ ಆಮೇಲೆ ನೋಡಿ. ಅಲ್ಲಿಯ ಹವಾಮಾನ ಇಲಾಖೆ ಮೆಟ್ ಏರನ್, ಅವ್ರದ್ದೇ ಆ್ಯಪ್ ಇದೆ, ಅದ್ರಲ್ಲಿ ಗಾಳಿ ಯಾವ ದಿಕ್ಕಿಂದ, ಎಷ್ಟು ಸ್ಪೀಡು ಅನ್ನೋದನ್ನ ಗಂಟೆ ಗಂಟೆ ಲೆಕ್ಕದಲ್ಲಿ ನೋಡಿ. ಹೆಚ್ಚಿನ ದಿನ ಪಶ್ಚಿಮ ಇಲ್ಲಾ ನೈಋತ್ಯದಿಂದ ಬೀಸತ್ತೆ, ನಮ್ಗೆ ಮುಂಗಾರು ಬರೋ ದಿಕ್ಕೇ ಅನ್ಕೊಳ್ಳಿ. ಹಂಗಿದ್ರೆ ವ್ಯಾನಲ್ಲಿ ಸಮುದ್ರದ ಕಡೆ ಹೋಗಿ ಸೈಕಲ್ಲಲ್ಲಿ ವಾಪಸ್ ಬರೋದು. ಅಪರೂಪಕ್ಕೆ ಪೂರ್ವದ ಗಾಳಿ ಇದ್ರೆ ಉಲ್ಟಾ ಮಾಡಿ. ಲೂಪ್ ಹೊಡೆಯೋದಾದ್ರೆ ಎದುರು ಗಾಳಿ ಬೆಳಿಗ್ಗೆನೇ ಮುಗಿದುಹೋಗ್ಲಿ, ಕಾಲಲ್ಲಿ ದಮ್ಮಿರೋವಾಗ.

4. ಮೊದಲ ದಿನ: ಅಕಿಲ್‌ನಿಂದ ವೆಸ್ಟ್‌ಪೋರ್ಟ್, ಗ್ರೀನ್‌ವೇ

ಇದು ಹಳೇ ರೈಲು ದಾರಿ. 1895ರಲ್ಲಿ ಅಕಿಲ್‌ವರೆಗೂ ರೈಲು ಬಂತು, 1937ರಲ್ಲಿ ನಿಂತೂ ಹೋಯ್ತು. ಸುಮಾರು ಎಪ್ಪತ್ತು ವರ್ಷ ಮುಳ್ಳು ಪೊದೆ ಬೆಳ್ಕೊಂಡು ಬಿದ್ದಿದ್ದನ್ನ 2010-11ರಲ್ಲಿ ಸೈಕಲ್ ದಾರಿ ಮಾಡಿದ್ರು. ರೈಲಿನ ದಾರಿ ಆಗಿರೋದ್ರಿಂದ ದಿಢೀರ್ ಏರು ಇಲ್ಲ, ಮಕ್ಕಳನ್ನ ಕರ್ಕೊಂಡು ಹೋಗೋರು ಇದೊಂದನ್ನೇ ಮಾಡ್ಕೊಂಡು ಬಂದ್ರೂ ಸಾಕು.

ದ್ವೀಪದ ಸೇತುವೆ ಪಕ್ಕದ ಅಕಿಲ್ ಸೌಂಡ್ ಅನ್ನೋ ಊರಿಂದ ಮಲ್ರಾನಿಗೆ 13 ಕಿ.ಮೀ., ಅಲ್ಲಿಂದ ನ್ಯೂಪೋರ್ಟ್‌ಗೆ 18, ಅಲ್ಲಿಂದ ವೆಸ್ಟ್‌ಪೋರ್ಟ್‌ಗೆ 11. ಬಲಗಡೆ ಕ್ಲೂ ಬೇ ಕೊಲ್ಲಿ, ವರ್ಷದ ದಿನಕ್ಕೊಂದರಂತೆ 365 ದ್ವೀಪ ಇದಾವೆ ಅಂತ ಅಲ್ಲಿ ಹೇಳ್ತಾರೆ, ಎಣಿಸೋಕೆ ಹೋಗ್ಬೇಡಿ. ಎಡಗಡೆ ಜೌಗು, ಕುರಿ, ಕಲ್ಲು ಬೇಲಿ. ದಾರಿ ಜನರ ಹೊಲದ ಮಧ್ಯೆ ಹಾದುಹೋಗತ್ತೆ, ಗೇಟ್ ಸಿಕ್ಕಿದ್ರೆ ತೆಗೆದ ಮೇಲೆ ಮುಚ್ಚಿ, ಇದನ್ನ ಮರೆತ್ರೆ ಯಾರ್ದೋ ಕುರಿ ಹೈವೇಲಿರತ್ತೆ. ಆ ಕುರಿಗಳ ಬೆನ್ನ ಮೇಲೆ ನೀಲಿ ಕೆಂಪು ಬಣ್ಣ ಬಳಿದಿರೋದು ನೋಡಿ ಹೋಳಿ ಆಡಿದಾವಾ ಅಂತ ನನ್ನ ಮಗಳು ಕೇಳಿದ್ಳು, ಅದು ಯಾರ ಕುರಿ ಅನ್ನೋಕೆ ಗುರುತು. ಬೆಲ್ ಹೊಡೆದ್ರೆ ಪಕ್ಕಕ್ಕೆ ಹೋಗಲ್ಲ, ನಿಮ್ಮ ಮುಂದೆ ಮುಂದೆನೇ ಓಡ್ತಾ ಕೊನೇ ಸೆಕೆಂಡಲ್ಲಿ ಅಡ್ಡ ಹಾರ್ತವೆ. ಇಳಿದು ನಡೀರಿ.

ನ್ಯೂಪೋರ್ಟಲ್ಲಿ ಏಳು ಕಮಾನಿನ ಕೆಂಪು ಕಲ್ಲಿನ ರೈಲು ಸೇತುವೆ ಇದೆ, ಊಟಕ್ಕೆ ಅಲ್ಲೇ ನಿಲ್ಲಿ. ಸಸ್ಯಾಹಾರಿಗಳಿಗೆ ಉಪಾಯ: ಯಾವ ಪಬ್ಬಿಗೆ ಹೋದ್ರೂ "ಇವತ್ತು ಯಾವ ಸೂಪ್?" ಅಂತ ಕೇಳಿ, ತರಕಾರಿ ಸೂಪ್ ಆಗಿದ್ರೆ ಚಿಕನ್ ಸ್ಟಾಕ್ ಹಾಕಿದಾರಾ ಅಂತಾನೂ ಕೇಳಿ, ಜೊತೆಗೆ ಕಂದು ಬಣ್ಣದ ಸೋಡಾ ಬ್ರೆಡ್ಡು, ದಪ್ಪಗೆ ಬೆಣ್ಣೆ. ಆ ಬೆಣ್ಣೆ ನಮ್ಮ ದಾವಣಗೆರೆಗೆ ಸಿಕ್ಕಿದ್ರೆ ದೋಸೆ ಇನ್ನೊಂದು ಲೆವೆಲ್ಲಿಗೆ ಹೋಗ್ತಿತ್ತು ಅಂತ ನನಗೆ ಪ್ರತಿ ಸಲ ಅನ್ಸತ್ತೆ. ಜೇಬಿಗೆ ಶೇಂಗಾ ಚಿಕ್ಕಿ ಇಟ್ಕೊಳ್ಳಿ, ಊರಿಂದ ಊರಿಗೆ ಮಧ್ಯೆ ಅಂಗಡಿ ಸಿಗೋದು ಗ್ಯಾರಂಟಿ ಇಲ್ಲ.

5. ಎರಡನೇ ದಿನ: ದ್ವೀಪದ ಒಳಗೆ

ಕಾಲಿಗೆ ರೆಸ್ಟ್ ಬೇಕಂದ್ರೆ ಈ ದಿನ ಬಿಟ್ಟುಬಿಡಿ. ಹೋಗೋದಾದ್ರೆ ಸೇತುವೆ ದಾಟಿ ಕೀಲ್, ಡೂಆ ಆಮೇಲೆ ಕೀಮ್ ಬೀಚ್. ಡೂಆ ದಾಟಿದ ಮೇಲೆ ರಸ್ತೆ ಬಂಡೆಯಂಚಲ್ಲಿ ಮೇಲೆ ಹೋಗಿ ಧಡಕ್ಕನೆ ಬೀಚಿಗೆ ಇಳಿಯತ್ತೆ, ವಾಪಸ್ ಬರೋಕೆ ಅದೇ ಏರು ಹತ್ತಬೇಕು ಅನ್ನೋದು ಇಳಿಯೋವಾಗ ಯಾರಿಗೂ ನೆನಪಾಗಲ್ಲ. ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಯಾರೂ ಇಲ್ಲದ ಒಂದು ಹಳ್ಳಿ ಇದೆ, ಛಾವಣಿ ಬಿದ್ದ ಕಲ್ಲಿನ ಮನೆಗಳು ಸಾಲಾಗಿ. ಸೈಕಲ್ ಒರಗ್ಸಿ ಒಂದರ್ಧ ಗಂಟೆ ಸುಮ್ನೆ ನಡೀರಿ.

6. ಮೂರನೇ ದಿನ: ಡೂಲಾಖ್ ಲೂಪ್

ಇದಕ್ಕೇ ನಾನು ಮತ್ತೆ ಮತ್ತೆ ಹೋಗೋದು. ವೆಸ್ಟ್‌ಪೋರ್ಟ್, ಮರಿಸ್ಕ್, ಲೂಯಿಸ್‌ಬರ್ಗ್, ಡೂಲಾಖ್ ಕಣಿವೆ, ಆಸ್ಲೀ ಜಲಪಾತ, ಲೀನಾನ್, ವಾಪಸ್. 85 ಕಿ.ಮೀ. ಆಸುಪಾಸು. ಬೆಳಿಗ್ಗೆ ಪಶ್ಚಿಮಕ್ಕೆ ಗಾಳಿ ಎದುರಾಗಿ ಹೋಗ್ತೀರ, ಸಂಜೆ ಅದೇ ಗಾಳಿ ಬೆನ್ನು ತಳ್ಕೊಂಡು ಮನೆಗೆ ಕರ್ಕೊಂಡು ಬರತ್ತೆ.

ಆರ್335 ಅನ್ನೋ ರಸ್ತೆ ಹಿಡೀರಿ. ಎಡಕ್ಕೆ ಗೋಪುರದ ಥರ ನಿಂತಿರೋದು ಕ್ರೋ ಪ್ಯಾಟ್ರಿಕ್, 764 ಮೀಟರ್. ಜುಲೈ ಕೊನೇ ಭಾನುವಾರ ಸಾವಿರಾರು ಜನ ಹರಕೆ ಹೊತ್ತು ಹತ್ತುತಾರೆ, ಕೆಲವ್ರು ಬರಿಗಾಲಲ್ಲಿ. ಆ ದಿನ ಈ ರಸ್ತೆಗೆ ಸೈಕಲ್ ತರಬೇಡಿ, ಜಾತ್ರೆ ಟ್ರಾಫಿಕ್ಕು. ಬೆಟ್ಟದ ಎದುರಿಗೆ ಮರಿಸ್ಕಲ್ಲಿ ಕಂಚಿನ ಹಡಗು ಇದೆ, ಅದ್ರ ಹಗ್ಗಗಳ ಜಾಗದಲ್ಲಿ ಅಸ್ಥಿಪಂಜರಗಳು ತೇಲ್ತಿವೆ. ಶಿಲ್ಪಿ ಜಾನ್ ಬೀಹನ್ ಮಾಡಿದ್ದು, 1997ರದ್ದು, ಐರ್ಲೆಂಡಿನ 1840ರ ದಶಕದ ಮಹಾ ಕ್ಷಾಮದ ರಾಷ್ಟ್ರೀಯ ಸ್ಮಾರಕ.

ಲೂಯಿಸ್‌ಬರ್ಗಲ್ಲಿ ಎರಡು ಬಾಟ್ಲಿನೂ ತುಂಬಿಸ್ಕೊಳ್ಳಿ, ಮುಂದೆ 30 ಕಿ.ಮೀ.ಗೂ ಹೆಚ್ಚು ಏನೂ ಸಿಗಲ್ಲ. ಮನೆಗಳು ಕಮ್ಮಿ ಆಗ್ತಾ ಹೋಗಿ ಬರೀ ಕಂದು ಜೌಗು, ಆಮೇಲೆ ಇದ್ದಕ್ಕಿದ್ದಂಗೆ ಎರಡು ಬೆಟ್ಟದ ನಡುವೆ ಕಪ್ಪು ಕೆರೆ. ಡೂಲಾಖ್ ಅಂದ್ರೆ ಐರಿಷಲ್ಲಿ ಕಪ್ಪು ಕೆರೆ ಅಂತಾನೇ. ರಸ್ತೆ ಪಕ್ಕ ಒಂದು ಕಲ್ಲಿನ ಶಿಲುಬೆ ಸಿಗತ್ತೆ, ದಯವಿಟ್ಟು ನಿಲ್ಲಿ. 1849ರಲ್ಲಿ ಆಲೂಗಡ್ಡೆ ಬೆಳೆ ಕೊಳೆತು ಊಟಕ್ಕಿಲ್ಲದ ಜನ ಲೂಯಿಸ್‌ಬರ್ಗಿಂದ ಈ ಕಣಿವೆಲಿ ನಡ್ಕೊಂಡು ಡೆಲ್ಫಿ ಅನ್ನೋ ಬಂಗ್ಲೆಗೆ ಹೋದ್ರು, ಪರಿಹಾರದ ಅಧಿಕಾರಿಗಳು ಅಲ್ಲಿದಾರೆ ಅಂತ. ಬರಿಗೈಲಿ ವಾಪಸ್ ಕಳಿಸಿದ್ರು, ಚಳಿ ಗಾಳಿಲಿ ಬರ್ತಾ ಎಷ್ಟೋ ಜನ ದಾರೀಲೇ ಸತ್ರು. ಆ ಕಲ್ಲಿನ ಮೇಲೆ ಗಾಂಧೀಜಿ ಮಾತು ಕೆತ್ತಿದಾರೆ, ತನ್ನಂಥ ಮನುಷ್ಯರನ್ನೇ ಅವಮಾನ ಮಾಡಿ ಅದ್ರಿಂದ ತನಗೆ ಮರ್ಯಾದೆ ಬಂತು ಅಂತ ಮನುಷ್ಯ ಹೇಗೆ ಅನ್ಕೋತಾನೆ ಅನ್ನೋ ಅರ್ಥದ್ದು. ಅಷ್ಟು ದೂರದ ಆ ಕಣಿವೆಲಿ, ಕುರಿ ಬಿಟ್ರೆ ಯಾರೂ ಇಲ್ಲದ ಕಡೆ, ಆ ಹೆಸ್ರು ಓದಿ ನಾನು ಗ್ಲೌಸ್ ಬಿಚ್ಚಿ ಅಕ್ಷರ ಮುಟ್ಟಿ ನೋಡಿದೆ, ಕಲ್ಲು ಐಸ್ ಥರ ಇತ್ತು.

ಕೆರೆ ದಾಟಿ ಕೆಳಗಿಳಿದ್ರೆ ಕಿಲರಿ, ಸಮುದ್ರ ಬೆಟ್ಟಗಳ ನಡುವೆ 16 ಕಿ.ಮೀ. ಒಳಗೆ ನುಗ್ಗಿರೋ ಜಾಗ. ಆಸ್ಲೀ ಜಲಪಾತ ಜೋಗ ನೋಡಿದ ಕಣ್ಣಿಗೆ ಮೆಟ್ಟಿಲಷ್ಟೇ, ಆದ್ರೂ ಚಂದ. ಲೀನಾನಲ್ಲಿ ಊಟ ಮಾಡಿ ಎನ್59 ರಸ್ತೆಲಿ ಉತ್ತರಕ್ಕೆ ತಿರುಗಿ.

7. ರಸ್ತೆ ರೂಲ್ಸು

ನಮ್ಮಂಗೇ ಎಡಗಡೆ. ದೂರ, ಸ್ಪೀಡು ಎಲ್ಲಾ ಕಿಲೋಮೀಟರಲ್ಲೇ ಇರತ್ತೆ, ಗಡಿ ದಾಟಿ ಉತ್ತರ ಐರ್ಲೆಂಡಿಗೆ ಹೋದ್ರೆ ಮಾತ್ರ ಮೈಲಿ. ಎನ್ ಅಂತ ಇರೋದು ದೊಡ್ಡ ರಸ್ತೆ, ಕಾರು ನೂರರಲ್ಲಿ ಬರಬಹುದು, ಒಬ್ಬರ ಹಿಂದೊಬ್ರು ಹೋಗಿ. ಆರ್ ಅದಕ್ಕಿಂತ ಸಣ್ಣದು. ಎಲ್ ಅಂದ್ರೆ ಹಳ್ಳಿ ರಸ್ತೆ, 2025ರ ಫೆಬ್ರವರಿಯಿಂದ ಅಲ್ಲಿ ಲಿಮಿಟ್ಟನ್ನ 80ರಿಂದ 60ಕ್ಕೆ ಇಳಿಸಿದಾರೆ, ಸೈಕಲ್ಲಿಗೆ ಅದೇ ಸ್ವರ್ಗ. ಅದಕ್ಕಿಂತ ಚಿಕ್ಕದು, ನಡುವೆ ಹುಲ್ಲು ಬೆಳೆದಿರೋ ದಾರಿಗೆ ಬೋರೀನ್ ಅಂತಾರೆ. ಐರಿಷಲ್ಲಿ ಬೋ ಅಂದ್ರೆ ಹಸು, ನಮ್ಮ ಸಂಸ್ಕೃತದ ಗೋ ಇದೆಯಲ್ಲ, ಎರಡೂ ಒಂದೇ ಬೇರಿನ ಪದ. ಹಸು ನಡೆಯೋ ದಾರಿಯಿಂದಾನೇ ಐರಿಷಲ್ಲಿ ರಸ್ತೆಗಿರೋ ಪದ ಹುಟ್ಟಿದೆ, ಆದ್ರಿಂದ ಬೋರೀನಲ್ಲಿ ತಿರುವಿನ ಆಚೆ ಹಸು ನಿಂತಿದ್ರೆ ಅದರ ಹಕ್ಕದು, ನೀವೇ ಕಾಯಿರಿ.

ಹಿಂದಿಂದ ಕಾರು ಸುಮ್ನೆ ಬರ್ತಾ ಇದ್ರೆ ಹಾರ್ನ್ ಯಾಕೆ ಹೊಡೀತಿಲ್ಲ ಅಂತ ಗಾಬರಿ ಆಗ್ಬೇಡಿ, ಜಾಗ ಸಿಗೋವರೆಗೂ ಕಾಯ್ತಿರ್ತಾರೆ. ಗೇಟು ಇಲ್ಲಾ ಅಗಲದ ಜಾಗ ಬಂದಾಗ ನಿಂತು ಬಿಡಿ. ಎದುರಿಂದ ಬರೋರು ಸ್ಟೀರಿಂಗಿಂದ ಒಂದೇ ಒಂದು ಬೆರಳೆತ್ತುತಾರೆ, ಅದು ನಮಸ್ಕಾರ, ನೀವೂ ಒಂದು ಬೆರಳೆತ್ತಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ 112.

8. ವಾಪಸ್ ಬಂದ ಮೇಲೆ

ಸುಸ್ತಾಗಿದೆ ಅಂತ ಸೈಕಲ್ ಹಂಗೇ ಒರಗಿಸಿ ಮಲಗ್ಬೇಡಿ. ಉಪ್ಪು ಗಾಳಿ, ಕುರಿ ಹಿಕ್ಕೆ, ಜೌಗು ಮಣ್ಣು ಮೂರೂ ಚೈನಿಗೆ ಮೆತ್ಕೊಂಡಿರತ್ತೆ. ಹಳೇ ಬಟ್ಟೆಲಿ ಒರೆಸಿ ಎರಡು ಹನಿ ಎಣ್ಣೆ ಬಿಟ್ಟು ಪೆಡಲ್ ಉಲ್ಟಾ ತಿರುಗ್ಸಿ. ನಾನು ಒಂದು ಸಲ ಬಿಟ್ಟಿದ್ದೆ, ಬೆಳಿಗ್ಗೆ ಎದ್ದು ನೋಡಿದ್ರೆ ಚೈನು ಅರಿಶಿನ ಹಚ್ಚಿದಂಗೆ ತುಕ್ಕು ಹಿಡಿದಿತ್ತು, ಸ್ಟೇಷನ್ನಿಗೆ ಹೋಗೋ ಅಷ್ಟೂ ದಾರಿ ಕೀಚ್ ಕೀಚ್ ಅಂತಿತ್ತು.